ಗಾದೆಮ್ಮನ ತೊಂಬತ್ತೈದು ಸೆಂಟ್ಸ್

ಗಂಡ ತೀರಿಕೊಂಡ ಮೇಲೆ ನಮ್ಮ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ಗಾದೆಮ್ಮನಿಗೆ ಉಳಿದದ್ದು ನಾಲ್ಕು ಎಕರೆ ತೊಂಬತ್ತೈದು ಸೆಂಟ್ಸ್ ಹೊಲ. ನೂರು ಸೆಂಟ್ಸಿಗೆ ಒಂದು ಎಕರೆ. ಅಂದರೆ ಐದೆಕರೆಗೆ ಐದು ಸೆಂಟ್ಸ್ ಕಮ್ಮಿ. ಆಕೆಗೆ ಅಕ್ಷರ ಬಾರದು, ಆದರೆ ಬದುವಿನ ಒಂದೊಂದು ಕಲ್ಲೂ ಗೊತ್ತು. ತವರು ಹೂವಿನಹಡಗಲಿ. ಅಲ್ಲಿಯಂಥದೇ ಮಲ್ಲಿಗೆ ತೋಟ ಇಲ್ಲೂ ಮಾಡಬೇಕೆಂಬ ಹಟ.

ಐದೆಕರೆಯೊಳಗಿನ ರೈತರಿಗೆ ಸರ್ಕಾರದವರು ಬೋರು ಹಾಕಿಸಿಕೊಡುತ್ತಾರೆಂದು ಗೊತ್ತಾದಾಗ ಅರ್ಜಿ ಕೊಟ್ಟಳು. ಬೋರು ಬಂದೇ ಬರುತ್ತದೆಂದು ತವರಿನಿಂದ ಸಸಿ ತಂದು ನಾಲ್ಕು ಸಾಲು ನೆಟ್ಟೂಬಿಟ್ಟಳು.

ಅರ್ಜಿಗಳ ಪಟ್ಟಿ ಮಾಡುವ ಕೆಲಸ ನನಗೆ ಬಂತು. ಹರಪನಹಳ್ಳಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಆಗಷ್ಟೇ ಕಂಪ್ಯೂಟರ್ ತಂದಿದ್ದೆ. ಅದು 1998. ನಮ್ಮ ತಾಲ್ಲೂಕು ಬಳ್ಳಾರಿ ಬಿಟ್ಟು ದಾವಣಗೆರೆಗೆ ಸೇರಿ ವರ್ಷ ತುಂಬಿತ್ತಷ್ಟೆ. ಬಳ್ಳಾರಿ ಕಡೆ ಹೊಲದ ಲೆಕ್ಕ ಸೆಂಟ್ಸಿನಲ್ಲಿ. ದಾವಣಗೆರೆ ಕಡೆ ಗುಂಟೆಯಲ್ಲಿ, ನಲವತ್ತು ಗುಂಟೆಗೆ ಒಂದು ಎಕರೆ. ನಾನು ತಂದ ಪ್ರೋಗ್ರಾಂ ದಾವಣಗೆರೆಯದು. 4.95 ಎಂದು ಹೊಡೆದೆ. ಅದು ತೊಂಬತ್ತೈದನ್ನು ಗುಂಟೆ ಎಂದುಕೊಂಡು, ಎಂಬತ್ತಕ್ಕೆ ಎರಡು ಎಕರೆ ಮಾಡಿ ಸೇರಿಸಿ, 6.15 ಎಂದು ಅಚ್ಚು ಹಾಕಿತು. ಇನ್ನೂ ಕೆಲವರ ಹೊಲ ಹಿಗ್ಗಿತ್ತು, ಆದರೆ ಐದು ದಾಟಿರಲಿಲ್ಲವಾಗಿ ಯಾರೂ ಕೇಳಲಿಲ್ಲ. ಅಚ್ಚಿನ ಚಂದಕ್ಕೆ ಮರುಳಾಗಿದ್ದ ನಾನಂತೂ ನೋಡಲೇ ಇಲ್ಲ.

ಬೋರಿನ ಕೆಲಸ ನೋಡುತ್ತಿದ್ದ ಸಾಹೇಬರ ಜೊತೆ ಅರಸೀಕೆರೆಗೆ ಹೋಗಿ, ಚಾವಡಿ ಕಟ್ಟೆಯ ಮೇಲೆ ನಿಂತು ಪಟ್ಟಿ ಓದಿದವನೂ ನಾನೇ. ಗಾದೆಮ್ಮ, ಆರು ಎಕರೆ ಹದಿನೈದು ಗುಂಟೆ, ತಿರಸ್ಕೃತ. ಜನ ನಕ್ಕರು. ಸುಳ್ಳು ಹೇಳಿ ಬೋರು ಹೊಡೆಯಲು ನೋಡಿದಳು ಎಂದರು.

ಮರುದಿನ ಅಂಗಡಿಗೆ ಬಂದಳು.

"ನನ್ನ ಹೊಲ ಏನ್ ಮರಿ ಹಾಕೇತೇನ್ರೀ? ಪಾಣಿ ತಂದೀನಿ, ನೋಡ್ರಿ."

ಸೆರಗಿನ ಗಂಟು ಬಿಚ್ಚಿ ಪಹಣಿಯನ್ನು ಮೇಜಿನ ಮೇಲಿಟ್ಟಳು. ಕಂಪ್ಯೂಟರ್ ತಪ್ಪು ಮಾಡುವುದಿಲ್ಲ ಎಂದು ಹೇಳಿ, ಅದರ ಮಡಿಕೆಯನ್ನೂ ಬಿಚ್ಚದೆ ವಾಪಸ್ಸು ಕೊಟ್ಟೆ. ನನ್ನ ಆ ಸೊಕ್ಕು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸಸಿಗಳಿಗೆ ಕೊಡ ಹೊತ್ತು ನೀರು ಹಾಕಿದಳಂತೆ. ಬೇಸಿಗೆಗೆ ನಾಲ್ಕೂ ಸಾಲು ಒಣಗಿದವು. ಊರಲ್ಲಿ ಆಕೆ 'ಆರೆಕರೆ ಗಾದೆಮ್ಮ' ಆದಳು.

ಎರಡು ವರ್ಷದ ಮೇಲೆ ನಮ್ಮಪ್ಪನ ಹೊಲದ ಲೆಕ್ಕವನ್ನೇ ಕಂಪ್ಯೂಟರಿನಲ್ಲಿ ಹೊಡೆದಾಗ, ಇಲ್ಲದ ಒಂದು ಎಕರೆ ಬಂದು ಕೂತಿತು. ಆಗ ಗೊತ್ತಾಯಿತು. ವಿಚಾರಿಸಿದರೆ ಆ ಪಟ್ಟಿಯ ಬೋರುಗಳ ಕೆಲಸ ಎಂದೋ ಮುಗಿದಿತ್ತು. ಅರಸೀಕೆರೆಗೆ ಹೋಗಿ ತಪ್ಪು ಒಪ್ಪಿಕೊಂಡೆ. ಗಾದೆಮ್ಮ ಬಯ್ಯಲಿಲ್ಲ.

"ಬೋರ್ ಬಿಡ್ರಿ. ಅವತ್ತು ಓದಿದ್ರಲ್ಲ, ಅದ ಕಟ್ಟಿ ಮ್ಯಾಲೆ ನಿಂತು ನಾಲ್ಕೆಕರೆ ತೊಂಬತ್ತೈದು ಸೆಂಟ್ಸ್ ಅಂತ ಓದ್ರಿ. ನಾನು ಸುಳ್ಳು ಹೇಳಾಕಿ ಅಲ್ಲ."

ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಕೂತಿದ್ದರು. ನನಗೆ ನಾಚಿಕೆಯಾಯಿತು. ಮುಂದಿನ ವಾರ ಬರುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ಮತ್ತೆ ಹೋಗಲಿಲ್ಲ.

2006ರಲ್ಲಿ ಆ ಊರಿನವರೊಬ್ಬರು ಅಂಗಡಿಗೆ ಬಂದಾಗ ಸುದ್ದಿ ಹೇಳಿದರು. ಆರೆಕರೆ ಗಾದೆಮ್ಮ ತೀರಿಕೊಂಡಳಂತೆ.