ಗಾಡಿಗೆ ತೆಗೆದ ದೃಷ್ಟಿ

ಹುಲಿಕುಂಟೆಯ ದಾಸಮ್ಮ ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರ ಮುಖ ನೋಡುತ್ತಾಳೆ, ಅವರೇ ಹೇಳಬೇಕು. ಮೊದಮೊದಲು ‘ಅವರು’, ‘ನಮ್ಮನೆಯೋರು’ ಎಂದು ಹೇಗೋ ಸಾಗಿಸಿದಳು. ಗಂಡ ಕದಿರಯ್ಯ ಒಂದು ಸೆಕೆಂಡ್‌ಹ್ಯಾಂಡ್ ಪಿಕಪ್ ತಂದು ಅಂಗಳದಲ್ಲಿ ನಿಲ್ಲಿಸಿದ ಮೇಲೆ ಆ ಪೇಚಾಟವೂ ತಪ್ಪಿತು. ‘ಗಾಡಿ ಬಂತಾ?’ ಎಂದರೆ ಗಂಡ ಬಂದನಾ ಎಂದು ಅರ್ಥ. ‘ಗಾಡಿ ಇನ್ನೂ ಉಂಡಿಲ್ಲ’ ಎಂದರೆ ಕದಿರಯ್ಯ ಇನ್ನೂ ಉಂಡಿಲ್ಲ. ಜಗಳವಾದ ದಿನ, ಗಾಡಿ ಬೆಳಗ್ಗಿನಿಂದ ಗುರ್ ಅನ್ನುತ್ತಿದೆ ಎಂದು ಎದುರುಮನೆಯ ನರಸಮ್ಮನಿಗೆ ದೂರು ಹೋಗುತ್ತಿತ್ತು. ಊರಿನವರು ನಕ್ಕು ನಕ್ಕು ಸಾಕಾಗಿ ಕೊನೆಗೆ ತಾವೂ ಹಾಗೇ ಅನ್ನತೊಡಗಿದರು.

ಹೋಲಿಕೆ ಇಲ್ಲದೆಯೂ ಇರಲಿಲ್ಲ ಬಿಡಿ. ಇಬ್ಬರಿಗೂ ವಯಸ್ಸಾಗಿದೆ, ಇಬ್ಬರೂ ಬೆಳಗಿನ ಚಳಿಗೆ ನಾಲ್ಕು ಸಲ ಕೆಮ್ಮದೆ ಏಳುವುದಿಲ್ಲ. ಹದಿನೆಂಟು ವರ್ಷದಿಂದ ಕದಿರಯ್ಯ ಅದೇ ಗಾಡಿಯಲ್ಲಿ ಸುತ್ತಲಿನ ಕುರಿಗಳನ್ನು ಶಿರಾ ಸಂತೆಗೆ, ಕಡಲೆಕಾಯಿ ಮೂಟೆಗಳನ್ನು ಪಾವಗಡಕ್ಕೆ, ಹುಣಸೆಹಣ್ಣನ್ನು ಮಧುಗಿರಿಗೆ ಸಾಗಿಸುತ್ತ ಬಂದಿದ್ದಾನೆ. ದಾರಿಯಲ್ಲಿ ಯಾವ ಮುದುಕಿ ಕೈ ಅಡ್ಡ ಹಾಕಿದರೂ ಗೊಣಗುತ್ತಾನೆ, ಗೊಣಗುತ್ತಲೇ ನಿಲ್ಲಿಸುತ್ತಾನೆ.

ಎಂಟು ವರ್ಷದ ಹಿಂದೆ ಮಧುಗಿರಿ ರಸ್ತೆಯ ತಿರುವಿನಲ್ಲಿ, ಎದುರು ಬಂದ ಬೈಕಿನವನನ್ನು ಉಳಿಸಲು ಹೋಗಿ ಗಾಡಿ ಹಳ್ಳಕ್ಕೆ ಮಗುಚಿತು. ಕದಿರಯ್ಯನ ಹೆಗಲ ಮೂಳೆ ಮುರಿಯಿತು, ಜೀವ ಉಳಿಯಿತು. ಅದಾದ ಮೇಲಿನ ಅಮಾವಾಸ್ಯೆಯ ಸಂಜೆ ದಾಸಮ್ಮ ಚೊಂಬು ನೀರಿಗೆ ಅರಿಸಿನ, ಸುಣ್ಣ, ಮೂರು ಹಿಡಿ ಕಲ್ಲುಪ್ಪು ಹಾಕಿ ಕದಡಿಕೊಂಡು ಹೊರಗೆ ಬಂದಳು. ಕೈಗೆ ಜೋಲಿ ಕಟ್ಟಿಸಿಕೊಂಡು ಜಗಲಿಯ ಮೇಲೆ ಕೂತಿದ್ದ ಕದಿರಯ್ಯ, ನನಗೆ ದೃಷ್ಟಿ ತೆಗೆಯಲು ಬಂದಳು ಎಂದು ಬೆನ್ನು ನೆಟ್ಟಗೆ ಮಾಡಿಕೊಂಡ. ಪಕ್ಕದಲ್ಲಿ ಅವನ ತಾಯಿಯೂ ಕೂತಿದ್ದಳು. ದಾಸಮ್ಮ ಇಬ್ಬರನ್ನೂ ದಾಟಿ ಹೋಗಿ, ಸೊಟ್ಟಗಾಗಿ ನಿಂತಿದ್ದ ಗಾಡಿಗೆ ಮೂರು ಸುತ್ತು ನಿವಾಳಿಸಿ, ಡೀಸೆಲ್ ಹಾಕುವ ಬಾಯಿಯ ಮುಚ್ಚಳದ ಮೇಲೆ ಅಷ್ಟೂ ನೀರನ್ನು ಹುಯ್ದಳು. ಎಲ್ಲರೂ ಗಾಲಿಗೆ ಹಾಕುತ್ತಾರಲ್ಲ ಎಂದು ಅತ್ತೆ ಕೇಳಿದ್ದಕ್ಕೆ, ಉಣ್ಣುವ ಬಾಯಿಗೇ ಕಣ್ಣು ಮೊದಲು ತಾಕುವುದು ಎಂದಳು.

ಕದಿರಯ್ಯನಿಗೆ ಒಳಗೊಳಗೇ ಉರಿಯಿತು. ಕುರಿಮರಿಗೆ ದೃಷ್ಟಿ ತೆಗೆಯುತ್ತಾಳೆ, ಮೊಮ್ಮಕ್ಕಳಿಗೆ ತೆಗೆಯುತ್ತಾಳೆ, ಈಗ ತಗಡಿನ ಡಬ್ಬಕ್ಕೂ ತೆಗೆದಳು. ಕಟ್ಟಿಕೊಂಡ ಗಂಡ ಮಾತ್ರ ಯಾವ ಲೆಕ್ಕಕ್ಕೂ ಇಲ್ಲ. ಆದರೆ ಒಂದು ಮಾತು ನಿಜ. ಹಳ್ಳಕ್ಕೆ ಬಿದ್ದ ದಿನದಿಂದ ಅನ್ನ ನೀರು ಬಿಟ್ಟು ಬೆಚ್ಚಿ ಬೀಳುತ್ತಿದ್ದವಳು, ಆ ಉಪ್ಪುನೀರು ಹುಯ್ದ ಮೇಲೆ ಸಮಾಧಾನವಾಗಿ ನಿದ್ದೆ ಮಾಡತೊಡಗಿದಳು. ಅದಕ್ಕೇ ಅವನು ಬಾಯಿ ತೆರೆಯಲಿಲ್ಲ. ಒಂದು ಅಮಾವಾಸ್ಯೆಯೂ ತಪ್ಪದೆ ಎಂಟು ವರ್ಷ ನಡೆಯಿತು. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡ ತಿಂಗಳೂ ನಿಲ್ಲಲಿಲ್ಲ.

ಈ ಬೇಸಗೆಯಲ್ಲಿ ಗಾಡಿ ಕಾಟ ಕೊಡಲು ಶುರು ಮಾಡಿತು. ಟ್ಯಾಂಕ್ ತುಂಬಿಸಿದ ದಿನ ತಿರುವಿನಲ್ಲೆಲ್ಲ ಡೀಸೆಲ್ ತೊಟ್ಟಿಕ್ಕುವುದು, ಏರು ಹತ್ತುವಾಗ ಇಂಜಿನ್ ಉಸಿರು ಕಟ್ಟಿದಂತೆ ನಿಂತುಬಿಡುವುದು. ಕದಿರಯ್ಯನ ಅಂಗಿ ಎಷ್ಟು ಒಗೆದರೂ ಡೀಸೆಲ್ ವಾಸನೆ ಹೋಗುತ್ತಿಲ್ಲ ಎಂದು ದಾಸಮ್ಮ ಬೈದಳು. ಕೊನೆಗೊಂದು ಬೆಳಿಗ್ಗೆ ಅವನು ಶಿರಾದ ಅಕ್ಬರ್ ಗ್ಯಾರೇಜಿಗೆ ಹೊಡೆದುಕೊಂಡು ಹೋದ. ಈ ಗಾಡಿಯ ನಟ್ಟು ಬೋಲ್ಟುಗಳನ್ನೆಲ್ಲ ಹೆಸರು ಹಿಡಿದು ಕರೆಯಬಲ್ಲವನು ಅಕ್ಬರ್ ಒಬ್ಬನೇ.

ಅಕ್ಬರ್ ಗಾಡಿಯ ಕೆಳಗೆ ನುಸುಳಿ ನೋಡಿ, ಟ್ಯಾಂಕ್ ಚೆನ್ನಾಗಿದೆ, ಕತ್ತು ಹೋಗಿದೆ ಎಂದ. ಡೀಸೆಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ಕಬ್ಬಿಣದ ಪೈಪಿಗೆ ಅವನು ಹಾಗೆ ಅನ್ನುವುದು. ತುಕ್ಕು ತಿಂದು ಅಡಿಯಲ್ಲಿ ತೂತು ಬಿದ್ದಿತ್ತು. ಉದುರಿದ ತುಕ್ಕೆಲ್ಲ ಟ್ಯಾಂಕಿಗಿಳಿದು ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತು, ಅದಕ್ಕೇ ಇಂಜಿನ್ ನಿಲ್ಲುತ್ತಿದ್ದದ್ದು. ಒಂದು ಬೆಸುಗೆ ಹಾಕಿಬಿಡು ಎಂದ ಕದಿರಯ್ಯನನ್ನು ಅಕ್ಬರ್ ಹುಚ್ಚನನ್ನು ನೋಡುವಂತೆ ನೋಡಿದ. ಡೀಸೆಲ್ ಇರುವ ಕಡೆ ಬೆಂಕಿ ತರುವವನು ತನ್ನ ಗ್ಯಾರೇಜಿಗೆ ಬರುವುದೇ ಬೇಡ ಎಂದ.

ಅವನ ಕೆಲಸ ನೋಡುವಂಥದ್ದು. ಮೊದಲು ಡೀಸೆಲನ್ನೆಲ್ಲ ಕ್ಯಾನಿಗೆ ಇಳಿಸಿದ. ಹಿಡಿದುಕೊಂಡಿದ್ದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು, ಅವು ಮನಸ್ಸು ಮಾಡುವವರೆಗೆ ಟೀ ಕುಡಿದ. ಕ್ಲಿಪ್ ಸಡಿಲಿಸಿ, ರಬ್ಬರ್ ಪೈಪನ್ನು ಮೆಲ್ಲಗೆ ತಿರುಗಿಸಿ ಎಳೆದು, ಟ್ಯಾಂಕಿನ ತೂತಿಗೆ ತಕ್ಷಣ ಬಟ್ಟೆ ತುರುಕಿದ, ಇನ್ನಷ್ಟು ತುಕ್ಕು ಒಳಗೆ ಬೀಳದಿರಲಿ ಎಂದು. ಹಳೆಯ ಕತ್ತು ಎರಡು ತುಂಡಾಗಿ ಕೈಗೆ ಬಂತು.

ಕುರಿಗಳ ಉಚ್ಚೆಯೇ ಇದನ್ನು ತಿಂದಿರಬೇಕು ಎಂದ ಕದಿರಯ್ಯ. ಅಕ್ಬರ್ ಮುಚ್ಚಳದ ಸುತ್ತ ಕಟ್ಟಿದ್ದ ಬಿಳಿ ಹಕ್ಕಳೆಯನ್ನು ಉಗುರಿನಲ್ಲಿ ಕೆರೆದ, ನಾಲಿಗೆಯ ತುದಿಗೆ ಮುಟ್ಟಿಸಿ ಥೂ ಎಂದು ಉಗುಳಿದ.

“ಉಚ್ಚೆ ಆಗಿದ್ರೆ ಹಿಂದ್ಗಡೆ ತಿನ್ನಬೇಕಿತ್ತು ಕಣಣ್ಣ. ಇದು ಉಪ್ಪು. ಅರಿಸ್ನಾನೂ ಐತೆ. ಇಲ್ಲೇನು ಸಾರು ಮಾಡ್ತಿದ್ರಾ?”

ಕದಿರಯ್ಯನಿಗೆ ನಗು ಬರಲಿಲ್ಲ. ತುಂಡು ಪೈಪನ್ನು ಕೈಯಲ್ಲಿ ಹಿಡಿದುಕೊಂಡು ಟೈರಿನ ಮೇಲೆ ಕೂತುಬಿಟ್ಟ. ಎಂಟು ವರ್ಷದ ಅಮಾವಾಸ್ಯೆಗಳು ಅವನ ಅಂಗೈಯಲ್ಲಿ ಪುಡಿಪುಡಿಯಾಗಿ ಉದುರುತ್ತಿದ್ದವು. ದಾಸಮ್ಮನ ದೃಷ್ಟಿನೀರಿನ ಕತೆಯನ್ನು ಅವನಿಂದ ಕೇಳಿ ಅಕ್ಬರ್ ಕೂಡ ನಗಲಿಲ್ಲ. ಅಕ್ಬರನ ತಾಯಿ ಅಮೀರ್ ಬಿ ಗ್ಯಾರೇಜಿನ ಬಾಗಿಲಿಗೆ ಉಪ್ಪು, ಮೆಣಸಿನಕಾಯಿ ಸುತ್ತಿ ಒಲೆಗೆ ಹಾಕಿ ನಜರ್ ತೆಗೆಯುವವಳೇ. ಆದರೂ ಕೆಲಸಗಾರನಲ್ಲವೇ, ಹೇಳಬೇಕಾದ್ದನ್ನು ಹೇಳಿದ.

“ಅಕ್ಕಂಗೆ ಹೇಳ್ಬುಡು. ಇಲ್ಲಾಂದ್ರೆ ಹೊಸ ಕತ್ತೂ ಅಂಗೇ ಆಗ್ತೈತೆ. ಕಾದ ಸೈಲೆನ್ಸರ್ ಮೇಲೆ ಡೀಸೆಲ್ ಬೀಳೋದು ಆಟ ಅಲ್ಲ.”

ಹೊಸ ಕತ್ತು ಎಲ್ಲಿ ಸಿಗಬೇಕು ಇಷ್ಟು ಹಳೇ ಗಾಡಿಗೆ? ಗುಜರಿಯಲ್ಲಿ ಹುಡುಕಿ, ಅದೇ ಜಾತಿಯ ಗಟ್ಟಿಯಾದದ್ದೊಂದನ್ನು ಅಕ್ಬರ್ ತಂದ. ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಿಸಿ, ಹೊಸ ರಬ್ಬರು ಹೊಸ ಕ್ಲಿಪ್ ಹಾಕಿ ಕೂರಿಸಿದ. ಟ್ಯಾಂಕ್ ತೊಳೆದು ಫಿಲ್ಟರ್ ಬದಲಿಸಿದ. ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಕದಿರಯ್ಯನಿಗೆ ಮಾತ್ರ ಮನೆಯ ದಾರಿ ಸಾಗಲೇ ಇಲ್ಲ.

ಹೇಳಿದರೆ, ನನ್ನ ಕೈಯಾರೆ ಇವರ ಕಾಲ ಬುಡಕ್ಕೆ ಬೆಂಕಿ ಇಡುತ್ತಿದ್ದೆನಲ್ಲ ಎಂದುಕೊಂಡು ಅವಳು ಕುಗ್ಗಿಹೋಗುತ್ತಾಳೆ. ಮತ್ತೆ ಚೊಂಬು ಮುಟ್ಟುವುದಿಲ್ಲ, ಚೊಂಬು ಮುಟ್ಟದಿದ್ದರೆ ಬೆಚ್ಚಿ ಬೀಳುವ ದಿನಗಳು ಮತ್ತೆ ಶುರು. ಹೇಳದಿದ್ದರೆ ಹೊಸ ಕತ್ತಿಗೂ ಅದೇ ಗತಿ. ಸುಮ್ಮನೆ ಗಾಲಿಗೆ ಹಾಕು ಎನ್ನೋಣವೆಂದರೆ ಯಾಕೆ ಎನ್ನುತ್ತಾಳೆ. ದಾಸಮ್ಮನ ಒಂದು ‘ಯಾಕೆ’ಗೆ ಅವನು ಈ ಜನ್ಮದಲ್ಲಿ ಉತ್ತರ ಕೊಟ್ಟು ಗೆದ್ದಿಲ್ಲ. ಮನೆಗೆ ಬಂದು, ಕುರಿಗಳ ಉಚ್ಚೆಗೆ ಪೈಪು ತುಕ್ಕು ಹಿಡಿದಿತ್ತು ಎಂದ. ಅವಳು ಅರ್ಧ ಗಂಟೆ ಕುರಿಗಳ ವಂಶವನ್ನೆಲ್ಲ ಬೈದಳು. ಬೈಸಿಕೊಂಡ ಕುರಿಗಳನ್ನು ನೋಡಿ ಕದಿರಯ್ಯನಿಗೆ ಪಾಪ ಎನಿಸಿತು. ಅಮಾವಾಸ್ಯೆಗೆ ಐದು ದಿನವಿತ್ತು.

ಐದನೆಯ ದಿನ ಹೊತ್ತು ಇಳಿಯುವಾಗ ದಾಸಮ್ಮ ಚೊಂಬು ಹಿಡಿದು ಬಂದಳು. ಕದಿರಯ್ಯ ಮೊದಲೇ ಹೋಗಿ ಡೀಸೆಲ್ ಮುಚ್ಚಳದ ಮೇಲೆ ಅಂಗೈ ಇಟ್ಟು ನಿಂತಿದ್ದ. ಬಣ್ಣ ಇನ್ನೂ ಹಸಿ ಇದೆ ಎಂದ. ಐದು ದಿನದ ಈ ಬಿಸಿಲಿಗೂ ಒಣಗದ ಬಣ್ಣ ಯಾವುದು ಎಂದು ಅವಳು ಕೇಳಿದಳು. ಅಲ್ಲಿಗೆ ಅವನ ಸುಳ್ಳು ಮುಗಿಯಿತು. ಅಕ್ಬರ್ ಕೆರೆದದ್ದು, ನಾಲಿಗೆಗೆ ಮುಟ್ಟಿಸಿದ್ದು, ಉಗುಳಿದ್ದು, ಎಲ್ಲವನ್ನೂ ನೆಲ ನೋಡಿಕೊಂಡು ಹೇಳಿಬಿಟ್ಟ.

ದಾಸಮ್ಮನ ಕೈಯ ಚೊಂಬು ವಾಲಿ ನೀರು ತುಳುಕಿತು. “ಅಂಗಾರೆ ನಾನೇ…” ಎಂದಳು. ಕದಿರಯ್ಯ ಅವಳ ಮುಖ ನೋಡಿದ. ಚೊಂಬು ಹಿಡಿದ ಆ ಕೈಯನ್ನು, ಇನ್ನೂ ಬೆಳಕಿರುವಾಗಲೇ, ನಡು ಅಂಗಳದಲ್ಲಿ ಹಿಡಿದುಕೊಂಡ.

“ಗಾಡಿಗೆ ಬ್ಯಾಡ. ನನಗೆ ತೆಗಿ. ನಾನೇನು ತುಕ್ಕು ಹಿಡಿಯಾಕಿಲ್ಲ.” ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಎಂಟು ವರ್ಷದ ಹೊಟ್ಟೆಯುರಿ ಎಲ್ಲಿ ಹೋದೀತು? “ಒಂದ್ ದಿನಾನಾದ್ರೂ ನನಗೆ ಅಂತ ತೆಗ್ದಿದ್ದೀಯಾ?”

ದಾಸಮ್ಮ ತಲೆಯೆತ್ತಿ ಅವನನ್ನೇ ನೋಡಿದಳು. ಕಣ್ಣಲ್ಲಿ ನೀರಿತ್ತು, ಅದರ ಹಿಂದೆಯೇ ಹಳೆಯ ಸಿಟ್ಟೂ ಇತ್ತು.

“ಮತ್ತೆ ಇಷ್ಟು ವರ್ಸ ಯಾರಿಗೆ ತೆಗೀತಿದ್ದೆ ಅನ್ಕಂಡಿದ್ದು? ಅತ್ತೆ ಎದ್ರಿಗೆ ಗಂಡಂಗೆ ನಿವಾಳಿಸಾಕೆ ನಾಚ್ಕೆ ಆಗಾಕಿಲ್ವಾ? ಅತ್ತೆ ಹೋದ್ಮೇಲೂ ಅದೇ ರೂಢಿ ಆಗೋಯ್ತು. ಗಾಡಿ ಅಂದ್ರೆ ಯಾರು ಅಂತ ಊರಿಗೆಲ್ಲ ಗೊತ್ತೈತೆ.”

ಊರಿಗೆಲ್ಲ ಗೊತ್ತಿತ್ತು, ಗಾಡಿಗೆ ಮಾತ್ರ ಗೊತ್ತಿರಲಿಲ್ಲ. ಕದಿರಯ್ಯ ಹೋಗಿ ಜಗಲಿಯ ಮೇಲೆ, ಅಂದು ಕೂತಿದ್ದ ಜಾಗದಲ್ಲೇ ಕೂತ. ದಾಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು, ಚೊಂಬನ್ನು ಅವನ ತಲೆಯ ಸುತ್ತ ಮೂರು ಸಲ ನಿವಾಳಿಸಿದಳು. ಊರ ಕಣ್ಣು, ಹಾದಿಯವರ ಕಣ್ಣು, ಗಾಡಿಯ ಮೇಲೆ ಬಿದ್ದ ಕಣ್ಣೆಲ್ಲ ಕರಗಿಹೋಗಲಿ ಎಂದಳು. ಈಗಲೂ ಅವಳ ಬಾಯಲ್ಲಿ ಹೆಸರು ಬರಲಿಲ್ಲ. ನೀರನ್ನು ಅವನ ಪಾದದ ಮುಂದೆ ಹುಯ್ದಳು. ಪಂಚೆಯ ಅಂಚಿಗೆಲ್ಲ ಕೆಂಪು ನೀರು ಸಿಡಿದರೂ ಅವನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಎದುರುಮನೆಯ ಬಾಗಿಲಲ್ಲಿ ನರಸಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಎಲ್ಲವನ್ನೂ ನೋಡಿದ್ದಳು. ಗಾಡಿ ರಿಪೇರಿ ಆಯಿತೇನೇ ಎಂದು ಅಲ್ಲಿಂದಲೇ ಕೇಳಿದಳು.

“ಆಯ್ತು ಕಣಮ್ಮ” ಎಂದಳು ದಾಸಮ್ಮ.