ಶಿವರುದ್ರಯ್ಯನವರ ಹಸಿರು ಫಿಯೆಟ್

ಭಾನುವಾರ ಬೆಳಗ್ಗೆ ರಾಜಾಜಿನಗರದ ಆ ಅಡ್ಡರಸ್ತೆಯಲ್ಲಿ ಹಾಲಿನವನಿಗಿಂತ ಮೊದಲು ಕಾಣಿಸುತ್ತಿದ್ದವರು ಶಿವರುದ್ರಯ್ಯನವರು. ಹಣೆಯಲ್ಲಿ ವಿಭೂತಿ, ಮೈಮೇಲೆ ಬನಿಯನ್, ಕೈಯಲ್ಲಿ ಹಳೇ ಪಂಚೆಯ ತುಂಡು ಮತ್ತು ಪಾಲಿಶ್ ಡಬ್ಬಿ. ಎಪ್ಪತ್ತೈದನೇ ಇಸವಿಯಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಅವರ ಹಸಿರು ಫಿಯೆಟ್ ಬಿಸಿಲಿಗೆ ಬಾಡಿ ಒಣಗಿದ ವೀಳ್ಯದೆಲೆಯಂತಾಗಿತ್ತು. ಅದಕ್ಕೆ ಮತ್ತೆ ಹೊಳಪು ತರಲೇಬೇಕೆಂದು ಅವರು ಪಟ್ಟು ಹಿಡಿದರು. ಬಿಸಿಲೇರಿದ ಮೇಲೆ ಪಾಲಿಶ್ ಹಚ್ಚುವಂತಿಲ್ಲ, ಉದ್ದುದ್ದ ಉಜ್ಜುವಂತಿಲ್ಲ, ರೊಟ್ಟಿ ತಟ್ಟುವಾಗಿನಂತೆ ಕೈ ದುಂಡಗೆ ತಿರುಗಬೇಕು. ಯಾರಾದರೂ ನಿಂತು ನೋಡಿದರೆ, "ಬಣ್ಣಕ್ಕೆ ವಯಸ್ಸಾಗಲ್ಲ ಕಣ್ರೀ, ಉಜ್ಜೋರಿಗೆ ಸೋಮಾರಿತನ ಬರುತ್ತೆ ಅಷ್ಟೇ" ಎನ್ನುತ್ತಿದ್ದರು. ಕೊನೆಗೆ ಎಂಥ ಹೊಳಪು ಬಂತೆಂದರೆ, ಹೂ ಮಾರುವ ಪುಟ್ಟಲಕ್ಷ್ಮಿ ಅದರ ಬಾಗಿಲಲ್ಲಿ ನೋಡಿಕೊಂಡು ಕುಂಕುಮ ಸರಿಮಾಡಿಕೊಳ್ಳುತ್ತಿದ್ದಳು, ಗುಬ್ಬಚ್ಚಿಗಳು ಬಾನೆಟ್ಟಿನ ಮೇಲೆ ಕೂತು ತಮ್ಮ ಬಿಂಬದ ಜೊತೆಗೇ ಜಗಳಕ್ಕಿಳಿಯುತ್ತಿದ್ದವು. ಆದರೂ ಅವರು ನಿಲ್ಲಿಸಲಿಲ್ಲ. ಉಜ್ಜಿ ಉಜ್ಜಿ ಅಂಚಿನಲ್ಲಿ ತಗಡೇ ಇಣುಕತೊಡಗಿತು. "ಸಾಕು ಬಿಡಿ ಸಾರ್, ಬಣ್ಣಾನೇ ಹೋಗ್ಬಿಡುತ್ತೆ" ಎಂದು ಎದುರುಮನೆಯ ನಾಣಿ ಹೇಳಿದರೆ ಅವರು ಜಗುಲಿಯ ಕಡೆ ನೋಡುತ್ತಿದ್ದರು. ಒಂದು ಕಾಲಕ್ಕೆ ಅದೇ ಕಾರನ್ನು ತಾವೇ ಓಡಿಸಿಕೊಂಡು ಕೆಂಗೇರಿ ದಾಟಿ ಹೋಗಿಬರುತ್ತಿದ್ದ ಹೆಂಡತಿ ಬಸವರಾಜೇಶ್ವರಿ ಅಲ್ಲಿ ಕುರ್ಚಿಯಲ್ಲಿ ಕೂತು, ಕಣ್ಣು ಕಿರಿದು ಮಾಡಿ, "ರೀ, ಇನ್ನೂ ಮಂಕಾಗೇ ಇದೆಯಲ್ರೀ" ಎನ್ನುತ್ತಿದ್ದರು. ಆ ಕಣ್ಣಿಗೆ ಇನ್ನು ಮದ್ದಿಲ್ಲವೆಂದು ಡಾಕ್ಟರು ಹೇಳಿದ್ದು ಶಿವರುದ್ರಯ್ಯನವರಿಗೆ ಮಾತ್ರ ಗೊತ್ತಿತ್ತು. "ಹೌದು ಕಣೇ, ಬಣ್ಣಕ್ಕೆ ವಯಸ್ಸಾಯ್ತು ನೋಡು" ಎಂದು ಅವರು ಮತ್ತೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.