ಕರೆಯೋಲೆ ಬರೆದವನಿಗೆ ಕರೆ ಬರಲಿಲ್ಲ

ನಮ್ಮ ಡೊಂಬಿವಲಿಯ ಹೌಸಿಂಗ್ ಸೊಸೈಟಿಯಲ್ಲಿ ಯಾವ ಕನ್ನಡದವರ ಮನೆಯಲ್ಲಿ ಮದುವೆ ನಿಶ್ಚಯವಾದರೂ ಪುರೋಹಿತರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ನನ್ನ ಮೇಲಿನ ಪ್ರೀತಿಯಿಂದ ಎಂದುಕೊಳ್ಳಬೇಡಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡದಲ್ಲಿ ಹೇಳಿದ್ದು ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ, ಓದುವ ಮಾತಂತೂ ದೂರ. ಅಪ್ಪ ಅಮ್ಮಂದಿರು ಓದುತ್ತಾರೆ, ಬರೆಯಲು ಧೈರ್ಯ ಸಾಲದು. ಊರಿನಲ್ಲಿರುವ ಅಜ್ಜಿಗೋ ಕನ್ನಡದ ಪತ್ರಿಕೆಯೇ ಆಗಬೇಕು. ನಾನು ಮೈಸೂರಿನ ಕಡೆಯವನು, ವಿಮಾ ಕಚೇರಿಯಿಂದ ನಿವೃತ್ತನಾದವನು, ಕನ್ನಡ ಮೀಡಿಯಮ್ಮಿನಲ್ಲಿ ಓದಿದವನು. ಇಷ್ಟು ಅರ್ಹತೆಯ ಮೇಲೆ ಲಗ್ನಪತ್ರಿಕೆಗಳ ಆಸ್ಥಾನ ವಿದ್ವಾಂಸನಾದೆ.

ಈ ವಿದ್ವತ್ತಿಗೆ ಒಂದು ಶಾಪವಿದೆ. ಪತ್ರಿಕೆ ಬರೆದುಕೊಟ್ಟವನಿಗೆ ದಿನ, ಮುಹೂರ್ತ, ಕಲ್ಯಾಣ ಮಂಟಪದ ದಾರಿ ಎಲ್ಲವೂ ಬಾಯಿಪಾಠ. ಆದ್ದರಿಂದ ಅವನನ್ನು ಬೇರೆಯಾಗಿ ಕರೆಯಬೇಕು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಈ ಮೊದಲು ಎರಡು ಮನೆಯವರು ಹೀಗೇ ಮರೆತರು. ಕುಂಕುಮ ಕೊಟ್ಟು, ಅಕ್ಷತೆ ಇಟ್ಟ ಪತ್ರಿಕೆ ಕೈಗಿತ್ತು, "ಬರಬೇಕು" ಅನ್ನದಿದ್ದ ಮೇಲೆ ಯಾವ ಮುಖ ಹೊತ್ತು ಹೋಗುವುದು? ಹೋಗಲಿಲ್ಲ. ನಿಮಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳಿದಳು. ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ.

ಎದುರು ಮನೆಯ ಹುಡುಗಿಯ ಮದುವೆಯ ಮಾತೇ ಬೇರೆ. ಅವರು ಉಡುಪಿಯ ಕಡೆಯವರು. ಅಪ್ಪನಿಗೆ ಕಳವಾ ಸ್ಟೇಷನ್ನಿನ ಹತ್ತಿರ ಸಣ್ಣ ಹೋಟೆಲು, ಅಮ್ಮನಿಗೆ ಬ್ಯಾಂಕಿನಲ್ಲಿ ಕೆಲಸ. ಶಾಲೆ ಬಿಟ್ಟರೆ ಹುಡುಗಿ ನೇರ ನಮ್ಮ ಮನೆಗೆ ಬರುತ್ತಿದ್ದಳು. ಹತ್ತು ವರ್ಷ ನನ್ನ ಹೆಂಡತಿಯ ಕೈಯ ಮೊಸರನ್ನ ತಿಂದು, ನನ್ನ ಹತ್ತಿರ ಮಗ್ಗಿ ಒಪ್ಪಿಸಿ ಬೆಳೆದವಳು. ನಮಗೆ ಮಕ್ಕಳಿಲ್ಲ. ಅವಳ ಮದುವೆಗೆ ಅವಳ ಅಪ್ಪ ಅಮ್ಮ ಇಬ್ಬರೂ ಬಂದು ನಮ್ಮನ್ನು ಕ್ರಮವಾಗಿ ಕರೆಯಬೇಕು, ನಾವು ಒಂದಿಷ್ಟು ಬಿಗುಮಾನದಿಂದ ಒಪ್ಪಬೇಕು ಎಂದು ನನಗೆ ಬಹಳ ಆಸೆಯಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಪತ್ರಿಕೆ ಆರಿಸಲು ಕಲ್ಯಾಣ್ ಪೇಟೆಯ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯವನು ಎಂಟು ಆಲ್ಬಮ್ ಹರವಿದ. ತಬಲಾ ಬಾರಿಸುವ ಗಣಪತಿ, ಕೊಳಲೂದುವ ಗಣಪತಿ, ದಿಂಬಿಗೆ ಒರಗಿ ಪುಸ್ತಕ ಓದುವ ಗಣಪತಿ, ಬರೀ ಸೊಂಡಿಲಿನ ಗಣಪತಿ. ಹುಡುಗಿ ಎಲ್ಲವನ್ನೂ ಸರಿಸಿ, "ಕಾಕಾ, ಮಲಾ ಸಿಂಪಲ್ ಪಾಹಿಜೆ" ಎಂದು ಮರಾಠಿಯಲ್ಲಿ ಸಿಂಪಲ್ಲಾದದ್ದು ಕೇಳಿ ನನ್ನ ಮುಖ ನೋಡಿದಳು. ಅವಳ ಅಪ್ಪ, "ಗಣಪತಿ ಇಲ್ಲದ ಕಾಗದ ಎಲ್ಲಿಯಾದ್ರೂ ಉಂಟಾ ಮಾರಾಯ್ರೆ?" ಎಂದರು, ಅವರೂ ನನ್ನನ್ನೇ ನೋಡುತ್ತ. ಸಿಂಪಲ್ಲಾದ ಗಣಪತಿಯನ್ನು ಹುಡುಕಿಕೊಟ್ಟವನು ನಾನು. ಕನ್ನಡದ ಒಕ್ಕಣೆ ತನ್ನ ಕಂಪ್ಯೂಟರಿನಲ್ಲಿ ರೆಡಿ ಇದೆ, ಹೆಸರು ಬದಲಿಸಿದರೆ ಸಾಕು ಎಂದು ಅಂಗಡಿಯವನು ಹಿಂದಿಯಲ್ಲಿ ಭರವಸೆ ಕೊಟ್ಟ. ಓದಿ ನೋಡಿದರೆ ಅದು ಉಪನಯನದ್ದು.

ಹಾಗಾಗಿ ನಾನೇ ಬರೆದೆ. "ಗುರುಹಿರಿಯರು ನಿಶ್ಚಯಿಸಿರುವಂತೆ" ಎಂದು ಶುರುಮಾಡಿದೆ. ಹುಡುಗ ಬೆಂಗಳೂರಿನವನು, ಐರೋಲಿಯ ಐಟಿ ಪಾರ್ಕಿನಲ್ಲಿ ಅವಳ ಜೊತೆಗೇ ಕೆಲಸ. ನಿಶ್ಚಯಿಸಿದ್ದು ಅವರಿಬ್ಬರು, ಆಫೀಸಿನ ಕ್ಯಾಂಟೀನಿನಲ್ಲಿ. ಗುರುಹಿರಿಯರಿಗೆ ನಿಶ್ಚಯಿಸಲು ಉಳಿದದ್ದು ಯಾವ ಪಾಯಸ ಎಂಬುದೊಂದೇ. ಪತ್ರಿಕೆಯ ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ. ಕನ್ನಡದ ಬದಿಯ ಕೆಳಗೆ "ತಮ್ಮ ಆಗಮನವನ್ನು ಬಯಸುವವರು" ಎಂದು ದೊಡ್ಡಪ್ಪ, ಚಿಕ್ಕಪ್ಪಂದಿರ ಹೆಸರು ಹಾಕಿದೆ. ಆಫೀಸಿನ ಗೆಳೆಯರಿಗೆ ಆ ಪಟ್ಟಿ ಯಾಕೆ ಎಂದು ಹುಡುಗಿ ಇಂಗ್ಲಿಷ್ ಬದಿಯಿಂದ ಅದನ್ನು ತೆಗೆಸಿದಳು. ಎರಡು ಸಲ ಪ್ರೂಫ್ ತಿದ್ದಿಕೊಟ್ಟೆ.

ಪತ್ರಿಕೆ ಅಚ್ಚಾಗಿ ಬಂತು. ಮೊದಲನೆಯದು ಟಿಟ್ವಾಳಾದ ಗಣಪತಿ ದೇವಸ್ಥಾನಕ್ಕೆ ಹೋಯಿತು, ಸರಿ. ಆಮೇಲೆ ಎ ವಿಂಗಿಗೆ, ಬಿ ವಿಂಗಿಗೆ, ನೆಲಮಹಡಿಯ ಸೆಕ್ರೆಟರಿಗೆ, ಕೊನೆಗೆ ವಾಚ್‌ಮನ್ನನಿಗೂ ಹೋಯಿತು. ನಮ್ಮ ಮನೆಯ ಬೆಲ್ ಮಾತ್ರ ಬಡಿಯಲಿಲ್ಲ.

"ಎದುರುಮನೆ ತಾನೇ, ಕೊನೇಲಿ ಕೊಡ್ತಾರೆ ಬಿಡಿ," ಎಂದಳು ಹೆಂಡತಿ.

"ಕೊನೇಲಿ ಕೊಡೋದು ಪೇಪರ್ ಹಾಕೋನಿಗೆ," ಎಂದೆ.

ಒಂದು ಸಂಜೆ ಹುಡುಗಿಯ ಅಮ್ಮ ಬಂದರು. ನಾನು ಶರ್ಟು ಹಾಕಿಕೊಂಡು ಹೊರಬರುವಷ್ಟರಲ್ಲಿ ಹೆಂಡತಿಯ ಹತ್ತಿರ ಬೆಳ್ಳಿಯ ಪನ್ನೀರುದಾನಿ ಕೇಳಿ ಪಡೆದು ಹೊರಟೇಹೋಗಿದ್ದರು. ಪನ್ನೀರುದಾನಿಗೆ ಕರೆ ಬಂತು, ಅದನ್ನು ಇಟ್ಟುಕೊಂಡವರಿಗೆ ಬರಲಿಲ್ಲ. ಶುಕ್ರವಾರ ಅವರೆಲ್ಲ ಗಂಟುಮೂಟೆ ಸಮೇತ ಐರೋಲಿಯ ಮದುವೆ ಹಾಲಿಗೆ ಹೋಗಿಬಿಟ್ಟರು.

ಭಾನುವಾರ ಮದುವೆ. ಬೆಳಿಗ್ಗೆ ಆರು ಗಂಟೆಗೆ ಹುಡುಗಿಯ ಅಮ್ಮನ ಫೋನು. ನಾನು ಎತ್ತಲಿಲ್ಲ. ಮತ್ತೆ ಬಂತು, ಮತ್ತೆ ಬಂತು. ಹೆಂಡತಿ ಕೈ ಚಾಚಿದಾಗ ಫೋನನ್ನು ಸೈಲೆಂಟ್ ಮಾಡಿ ಮಗುಚಿಟ್ಟೆ. "ಬೋರ್ಡಿಗೆ ಕನ್ನಡದಲ್ಲಿ ಏನೋ ಬರೀಬೇಕಿರುತ್ತೆ. ಈಗ ನೆನಪಾದೆವಾ?" ಎಂದೆ. ಅವಳು ಇಸ್ತ್ರಿ ಮಾಡಿಸಿಟ್ಟಿದ್ದ ರೇಷ್ಮೆ ಸೀರೆಯನ್ನು ಕಪಾಟಿನಲ್ಲಿಟ್ಟು, ನನಗೆ ಬೆನ್ನು ಹಾಕಿ ಅತ್ತಳು. ನನಗೆ ಸಂಕಟವಾಯಿತು. ಆದರೂ ಜಗ್ಗಲಿಲ್ಲ.

ಒಂಬತ್ತೂವರೆಗೆ ಸೆಕ್ರೆಟರಿ ಜರಿ ಕುರ್ತಾ ಹಾಕಿಕೊಂಡು ಬಂದರು. ಮರಾಠಿಯವರು, ಒಳ್ಳೆಯ ಮನುಷ್ಯ. ಇನ್ನೂ ಲುಂಗಿಯಲ್ಲೇ ಇದ್ದೀರಲ್ಲ, ಟ್ಯಾಕ್ಸಿ ಕರೆಸಿದ್ದೇನೆ, ಹತ್ತೂ ಐವತ್ತಕ್ಕಲ್ಲವೆ ಮುಹೂರ್ತ ಎಂದು ಮರಾಠಿಯಲ್ಲಿ ಅವಸರ ಮಾಡಿದರು. ಅವರ ಕೈಯಲ್ಲಿ ಪತ್ರಿಕೆಯಿತ್ತು. ಅಚ್ಚಾದ ಪತ್ರಿಕೆಯನ್ನು ನಾನು ಕಂಡದ್ದು ಆಗಲೇ. ಕೊಡಿ ಎಂದು ತೆಗೆದುಕೊಂಡೆ. ಯಾಕೆ ಎಂದು ನಿಜ ಹೇಳುತ್ತೇನೆ: ತಪ್ಪು ಹುಡುಕಲು. ಎಲ್ಲಾದರೂ ಒಂದು ಅಕ್ಷರ ಕೆಟ್ಟಿರಲಿ ಎಂದು ಮನಸಾರೆ ಹಾರೈಸಿ, ಕನ್ನಡಕ ಹಾಕಿಕೊಂಡು, ಮೇಲಿನಿಂದ ಓದುತ್ತ ಬಂದೆ. ಒಂದೂ ತಪ್ಪಿರಲಿಲ್ಲ. ಕೆಳಗೆ ಬಂದೆ. ಆಗಮನವನ್ನು ಬಯಸುವವರಲ್ಲಿ, ದೊಡ್ಡಪ್ಪನಿಗಿಂತಲೂ ಮೊದಲು, ನನ್ನ ಮತ್ತು ನನ್ನ ಹೆಂಡತಿಯ ಹೆಸರಿತ್ತು.

ಇಡೀ ಸೊಸೈಟಿಯ ಕೈಯಲ್ಲಿ ಹದಿನೈದು ದಿನದಿಂದ ಆ ಹೆಸರುಗಳಿದ್ದವು. ಹೆಚ್ಚಿನವರು ಓದಿದ್ದು ಇಂಗ್ಲಿಷ್ ಬದಿಯನ್ನು. ಕನ್ನಡ ಓದಿದ ನಾಲ್ಕು ಮಂದಿ, ಬರೆದವನಿಗೆ ಏನು ಹೇಳುವುದು ಎಂದು ಸುಮ್ಮನಿದ್ದರು.

ಶೀಲ್ ಫಾಟಾದ ಟ್ರಾಫಿಕ್ಕಿನಲ್ಲಿ ಟ್ಯಾಕ್ಸಿ ನಿಂತಾಗ ಫೋನು ತೆರೆದೆ. ಹನ್ನೊಂದು ಮಿಸ್ಡ್ ಕಾಲ್. ಅದರ ಹಿಂದೆ, ತಿಂಗಳ ಕೆಳಗಿನ ವಾಟ್ಸಾಪಿನಲ್ಲಿ, ಹುಡುಗಿಯ ಅಮ್ಮ ಕಳಿಸಿದ ಮೂರನೆಯ ಪ್ರೂಫ್. "ಅಣ್ಣ, ಕೆಳಗೆ ಒಂದು ಸೇರಿಸಿದ್ದೇವೆ. ನೋಡಿ, ಆಗಬಹುದಲ್ಲ?" ಎರಡು ಸಲ ತಿದ್ದಿದ್ದನ್ನು ಮೂರನೆಯ ಸಲ ತೆರೆದು ನೋಡುವುದೇನು ಎಂದು ನಾನು ಬರೀ ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ್ದೆ. ಹೆಂಡತಿಗೆ ತೋರಿಸಿದೆ. ಅವಳು ಓದಿ, ಕಿಟಕಿಯ ಕಡೆ ತಿರುಗಿದಳು. ಬೈದಿದ್ದರೆ ಒಳ್ಳೆಯದಿತ್ತು.

ಹಾಲಿನ ಬಾಗಿಲಿಗೆ ಬಂದಾಗ ಧಾರೆ ಮುಗಿದಿತ್ತು. ನಾವು ನಿಲ್ಲಬೇಕಿದ್ದ ಜಾಗದಲ್ಲಿ ಹುಡುಗನ ಕಡೆಯ ಯಾರೋ ನಿಂತು, "ಬನ್ನಿ ಸರ್, ನೀವು ಹುಡುಗಿ ಕಡೆಯವರಾ?" ಎಂದು ಕೇಳಿದರು. ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ.

ಹುಡುಗಿಯ ಅಮ್ಮ ಓಡಿಬಂದರು. "ಎಂತ ಅಣ್ಣ, ಫೋನ್ ಎತ್ತಲಿಲ್ಲ? ಎಂತದಾದರೂ ಆಯ್ತೋ ಅಂತ ಹೆದರಿಬಿಟ್ಟೆ. ಧಾರೆಗೆ ಕೂತವಳು ಬಾಗಿಲನ್ನೇ ನೋಡ್ತಾ ಇದ್ದಳು."

ಸುಳ್ಳು ಹುಡುಕಿದೆ, ಸಿಗಲಿಲ್ಲ. "ನಮಗೆ ಪತ್ರಿಕೆ ಕೊಡಲಿಲ್ಲವಲ್ಲ ಅಂತ..." ಎಂದೆ.

"ಮನೆಯವರಿಗೆ ಯಾರಾದ್ರೂ ಕಾಗದ ಕೊಟ್ಟು ಹೇಳಿಕೆ ಮಾಡ್ಲಿಕ್ಕುಂಟಾ ಅಣ್ಣ?" ಎಂದರು. ಸಿಟ್ಟಿರಲಿಲ್ಲ. ಕಣ್ಣು ಮಾತ್ರ ತುಂಬಿತ್ತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕದ ಮೇಜಿನಿಂದ ಕರೆಸಿಕೊಂಡು ಬಂದ ಅತಿಥಿಗಳಿಗೆ ಕೊಡುವ ತೆಂಗಿನಕಾಯಿಯ ಚೀಲ ಎರಡು ತೆಗೆದು ನಮ್ಮ ಮುಂದೆ ಹಿಡಿದರು. "ನೀವು ಬಂದದ್ದು ತುಂಬ ಸಂತೋಷ. ಊಟ ಮಾಡಿಕೊಂಡೇ ಹೋಗಬೇಕು."

ನನ್ನ ಹೆಂಡತಿ ಚೀಲವನ್ನು ಮುಟ್ಟಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಊಟದ ಪಂಕ್ತಿಯ ಕಡೆ ಬಡಿಸಲು ನಡೆದಳು. ನನ್ನದನ್ನು ಅಷ್ಟರಲ್ಲಿ ನಾನು ಎರಡೂ ಕೈ ಚಾಚಿ ತೆಗೆದುಕೊಂಡಾಗಿತ್ತು.